ಪರ್ತ್‌ಗೆ ಹೋಗಿ ಬನ್ನಿ, ಟೀಚರ್

2025ರಲ್ಲಿ ಪುತ್ತರಿ ಹಬ್ಬ ಕಳೆದ ಮರುವಾರ ಕೊಡಗಿನ ಮೂರ್ನಾಡು ಕಡೆಯ ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂತು. ಶಾಲೆಯಲ್ಲಿ ಮೂವತ್ತು ವರ್ಷ ಪಿಟಿ ಟೀಚರ್ ಆಗಿದ್ದು ನಿವೃತ್ತರಾದವರು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು. 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ಮಹಿಳೆಯರ ಏಷ್ಯನ್ ಕಪ್ ಫುಟ್ಬಾಲ್ ಇದೆ. ಅದರಲ್ಲಿ ಭಾರತವೂ ಆಡುತ್ತಿದೆ. ಟೀಚರ್ ಮತ್ತು ಅವರ ಇಬ್ಬರು ಗೆಳತಿಯರು ಪರ್ತ್‌ಗೆ ಹೋಗಿ ಎರಡು ಪಂದ್ಯ ನೋಡಬೇಕೆಂದು ದುಡ್ಡು ಕೂಡಿಟ್ಟಿದ್ದಾರೆ. ಮನೆಯಲ್ಲಿ ಯಾರಿಗೂ ಇದು ಸರಿ ಕಂಡಿಲ್ಲ. "ಹಾಕಿ ಆಗಿದ್ದರೆ ಹೋಗು ಅನ್ನಬಹುದಿತ್ತು, ಫುಟ್ಬಾಲಿಗೆ ಯಾಕೆ?" ಎನ್ನುವುದು ಯಜಮಾನರ ಮಾತು. "ಜಪಾನ್ ಎದುರು ಸೋಲೋದನ್ನ ನೋಡೋಕೆ ಲಕ್ಷಗಟ್ಟಲೆ ಖರ್ಚಾ? ಮನೇಲೇ ಕೂತು ನೋಡಬಹುದಲ್ವಾ?" ಎನ್ನುವುದು ಮಗನ ಮಾತು. ಜೊತೆಗೆ ಮಾರ್ಚ್ ಅಂದರೆ ಕರಿಮೆಣಸು ಕೊಯ್ಲು, ಹೂ ಅರಳಿಸಲು ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ. "ಮೂರು ಹೆಂಗಸರು ಗ್ಯಾಲರಿಯಲ್ಲಿ ಕೂತರೆ ತಂಡಕ್ಕೆ ಏನು ಸಿಗುತ್ತದೆ? ನನ್ನದು ಹುಚ್ಚಾ?" ಎಂದು ಟೀಚರ್ ಕೇಳಿದ್ದಾರೆ.

ಪ್ರೀತಿಯ ಟೀಚರ್,

ಹುಚ್ಚಲ್ಲ. ಹೋಗಿ ಬನ್ನಿ. ಇಷ್ಟನ್ನೇ ಬರೆದು ನಿಲ್ಲಿಸಬಹುದಿತ್ತು. ಆದರೆ ನೀವು ನಾಲ್ಕು ಪುಟ ಬರೆದಿದ್ದೀರಿ, ಮನೆಯವರ ಪ್ರಶ್ನೆಗಳನ್ನೂ ಮುಚ್ಚಿಡದೆ ಹೇಳಿದ್ದೀರಿ. ಆ ಪ್ರಶ್ನೆಗಳು ತಳ್ಳಿಹಾಕುವಂಥವಲ್ಲ. ಒಂದೊಂದಾಗಿ ಮಾತಾಡೋಣ.

ಮೊದಲು ನನ್ನದೇ ಒಂದು ಅನುಭವ. 2024ರ ಅಕ್ಟೋಬರ್‌ನಲ್ಲಿ ಅಕ್ಕನ ಮಗಳನ್ನು ಕರೆದುಕೊಂಡು ಕಠ್ಮಂಡುವಿಗೆ ಹೋಗಿದ್ದೆ. ದಕ್ಷಿಣ ಏಷ್ಯಾದ ದೇಶಗಳ ಸ್ಯಾಫ್ ಮಹಿಳಾ ಫುಟ್ಬಾಲ್ ಚಾಂಪಿಯನ್‌ಷಿಪ್ ನಡೆಯುತ್ತಿತ್ತು. 27ನೇ ತಾರೀಕು ದಶರಥ ಸ್ಟೇಡಿಯಂನಲ್ಲಿ ಭಾರತ, ನೇಪಾಳ ಸೆಮಿಫೈನಲ್. ನೇಪಾಳಕ್ಕೆ ನಮಗೆ ವೀಸಾ ಬೇಡ, ವೋಟರ್ ಕಾರ್ಡ್ ಇದ್ದರೂ ಆಗುತ್ತದೆ. ಹಾಗಾಗಿ ಸುಲಭದ ಪ್ರಯಾಣ ಅಂದುಕೊಂಡು ಹೊರಟಿದ್ದೆವು. ಸ್ಟೇಡಿಯಂ ಒಳಗೆ ಹೋದಾಗ ಮಾತೇ ನಿಂತಿತು. ಎಲ್ಲಿ ನೋಡಿದರೂ ಜನ. ಅಜ್ಜಿಯಂದಿರು, ಯೂನಿಫಾರಂನಲ್ಲೇ ಬಂದ ಶಾಲಾ ಹುಡುಗಿಯರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಎಲ್ಲರೂ ಹೆಣ್ಣುಮಕ್ಕಳ ಆಟ ನೋಡಲು ಬಂದವರು. ನಮ್ಮ ಸಾಲಿನಲ್ಲಿ ಭಾರತದ ಬಾವುಟ ಹಿಡಿದವರು ಬೆರಳೆಣಿಕೆಯಷ್ಟು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ನಮ್ಮ ಹುಡುಗಿಯರಿಗೆ ಇಂಥ ಗ್ಯಾಲರಿ ಯಾವತ್ತು ಸಿಗುತ್ತದೆ ಅನ್ನಿಸಿತು.

ಎರಡನೇ ಅರ್ಧದಲ್ಲಿ ಸಂಗೀತಾ ಬಾಸ್ಫೋರ್ ಗೋಲು ಹೊಡೆದರು. ನಾವು ಎದ್ದು ಕೂಗಿದೆವು. ನಮ್ಮವರು ಇನ್ನೂ ಸಂಭ್ರಮದಲ್ಲಿ ಇರುವಾಗಲೇ ನೇಪಾಳದವರು ಆಟ ಶುರುಮಾಡಿ ಚೆಂಡನ್ನು ನಮ್ಮ ಗೋಲಿಗೆ ಹಾಕಿಬಿಟ್ಟರು. ರೆಫ್ರಿ ಅದನ್ನು ಒಪ್ಪಲಿಲ್ಲ. ಗಲಾಟೆಯಾಯಿತು, ಆಟ ನಿಂತಿತು. ಐದು ನಿಮಿಷ ಹತ್ತು ನಿಮಿಷ ಅಲ್ಲ, ಒಂದು ಗಂಟೆಗೂ ಜಾಸ್ತಿ. ಪಕ್ಕದ ನೇಪಾಳಿ ಹೆಂಗಸು ತನ್ನ ಕಡಲೆಕಾಯಿ ಪೊಟ್ಟಣವನ್ನು ನಮ್ಮ ಕಡೆಗೂ ಚಾಚಿದರು. "ನಿಮ್ಮ ಹುಡುಗಿಯರೂ ಚೆನ್ನಾಗಿ ಆಡ್ತಾರೆ" ಅಂತ ಹಿಂದಿಯಲ್ಲಿ ಹೇಳಿದರು. ಆಮೇಲೆ ಆಟ ಮುಂದುವರಿಯಿತು. ಸಬಿತ್ರಾ ಭಂಡಾರಿ ಸಮ ಮಾಡಿದರು. ಕೊನೆಗೆ ಪೆನಾಲ್ಟಿಯಲ್ಲಿ 4-2ರಿಂದ ನಾವು ಸೋತೆವು.

ಟಿವಿಯಲ್ಲಿ ನೋಡುತ್ತಿದ್ದರೆ ಆ ಒಂದು ಗಂಟೆ ನಾನು ಕಾಯುತ್ತಿರಲಿಲ್ಲ. ಎದ್ದು ಅಡುಗೆ ಮನೆಗೆ ಹೋಗುತ್ತಿದ್ದೆ. ಅಲ್ಲಿ ಎದ್ದು ಹೋಗಲು ಆಗಲಿಲ್ಲ. ಮೈದಾನದಲ್ಲಿ ನಮ್ಮ ಹುಡುಗಿಯರು ಮೈ ತಣ್ಣಗಾಗದಂತೆ ಓಡಾಡುತ್ತಾ ಕಾಯುತ್ತಿದ್ದರು. ನಾವೂ ಕಾದೆವು. ನಿಮ್ಮ ಮಗನಿಗೆ ನನ್ನ ಉತ್ತರ ಇದೇ. ಮನೆಯಲ್ಲಿ ಕೂತು ಆಟ ನೋಡಬಹುದು. ಆದರೆ ಆಡುವವರ ಜೊತೆ ಕಾಯಲು ಆಗುವುದಿಲ್ಲ.

ಮುಂದಿನದನ್ನು ನೀವೇ ಬರೆದಿದ್ದೀರಿ. ಅದಾಗಿ ಎಂಟು ತಿಂಗಳಿಗೆ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಏಷ್ಯನ್ ಕಪ್ಪಿನ ಅರ್ಹತಾ ಪಂದ್ಯಗಳು. ಮಂಗೋಲಿಯಾ ಎದುರು 13, ಟಿಮೋರ್ ಲೆಸ್ತೆ ಎದುರು 4, ಇರಾಕ್ ಎದುರು 5 ಗೋಲು. ಮೂರೂ ಪಂದ್ಯದಲ್ಲಿ ಎದುರಾಳಿಗೆ ಒಂದೂ ಇಲ್ಲ. 2025ರ ಜುಲೈ 5ರಂದು ಕೊನೆಯದು, ಥಾಯ್ಲೆಂಡ್ ಎದುರು, ಅವರದೇ ನೆಲದಲ್ಲಿ. ಅವತ್ತು ಮಡಿಕೇರಿಯಲ್ಲಿ ಜಡಿಮಳೆ, ಕರೆಂಟೂ ಇರಲಿಲ್ಲ. ಮೊಬೈಲಿನ ಕೊನೆಯ ಚಾರ್ಜ್‌ನಲ್ಲಿ ಸ್ಕೋರ್ ನೋಡುತ್ತಿದ್ದೆ. ಭಾರತ 2, ಥಾಯ್ಲೆಂಡ್ 1. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಕಠ್ಮಂಡುವಿನಲ್ಲಿ ಗೋಲು ಹೊಡೆದೂ ಸೋತು ಹೋದವರು ಅವರೇ ಅಲ್ವಾ? ಅಲ್ಲಿ ಕಾದು ಕೂತಿದ್ದಕ್ಕೆ ನನ್ನ ಪಾಲೂ ಸಿಕ್ಕಿತು ಅನ್ನಿಸಿ ಕತ್ತಲಲ್ಲೇ ಅಕ್ಕನ ಮಗಳಿಗೆ ಫೋನ್ ಮಾಡಿದೆ.

ಒಂದು ಕಡೆ ನಿಮ್ಮ ಪತ್ರವನ್ನು ತಿದ್ದಬೇಕು. "ಭಾರತ ಮೊದಲ ಸಲ ಏಷ್ಯನ್ ಕಪ್ ಆಡುತ್ತಿದೆ" ಎಂದು ಬರೆದಿದ್ದೀರಿ. ಅರ್ಹತಾ ಪಂದ್ಯ ಆಡಿ, ಗೆದ್ದು ಒಳಗೆ ಹೋಗಿದ್ದು ಇದೇ ಮೊದಲು. ಆದರೆ ನಮ್ಮ ಹೆಣ್ಣುಮಕ್ಕಳು ಈ ಟೂರ್ನಿಯಲ್ಲಿ ಎರಡು ಸಲ ಫೈನಲ್ ಆಡಿದ್ದಾರೆ. ಮೊದಲ ಫೈನಲ್ ನಡೆದಿದ್ದು ನಮ್ಮ ಪಕ್ಕದಲ್ಲೇ, ಕೋಝಿಕ್ಕೋಡಿನಲ್ಲಿ, 1980ರ ಜನವರಿಯಲ್ಲಿ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ತಲಚೇರಿ ದಾಟಿದರೆ ಸಿಗುವ ಊರು. ಅಲ್ಲಿ ಚೈನೀಸ್ ತೈಪೆ, ಅಂದರೆ ತೈವಾನ್ ತಂಡದ ಎದುರು ಸೋತು ಎರಡನೇ ಸ್ಥಾನ. 1983ರಲ್ಲಿ ಬ್ಯಾಂಕಾಕ್‌ನಲ್ಲಿ ಮತ್ತೆ ಫೈನಲ್, ಥಾಯ್ಲೆಂಡ್ ಎದುರು ಸೋಲು. ನಿಮ್ಮ ವಯಸ್ಸಿನ ಹೆಂಗಸರು ಆಗ ಶಾಲಾ ಹುಡುಗಿಯರು. ಘಾಟಿಯ ಕೆಳಗೆ ಏಷ್ಯಾದ ಫೈನಲ್ ನಡೆದರೂ ನಮಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ನಿಮ್ಮ ಶಾಲೆಯಲ್ಲೂ ಒಂದು ಹುಡುಗಿಯರ ಫುಟ್ಬಾಲ್ ತಂಡ ಇರುತ್ತಿತ್ತೇನೋ. ನನಗೆ ಇದು ಇವತ್ತಿಗೂ ಸಂಕಟ ಕೊಡುವ ವಿಷಯ.

ಇನ್ನೂ ದೊಡ್ಡ ಸಂಕಟ 2022ರದು. ಏಷ್ಯನ್ ಕಪ್ ಭಾರತದಲ್ಲೇ ನಡೆಯಿತು. ನವಿ ಮುಂಬಯಿಯಲ್ಲಿ ಇರಾನ್ ಜೊತೆ ಮೊದಲ ಪಂದ್ಯ 0-0. ಎರಡನೆಯದು ಜನವರಿ 23ರಂದು, ಮತ್ತೆ ಅದೇ ಚೈನೀಸ್ ತೈಪೆ ಎದುರು. ಅಷ್ಟರಲ್ಲಿ ತಂಡದೊಳಗೆ ಕೋವಿಡ್ ಹಬ್ಬಿತ್ತು. ಆಡಿಸಲು ಬೇಕಾದ 13 ಜನ ಆಟಗಾರ್ತಿಯರೇ ಇರಲಿಲ್ಲ. ಪಂದ್ಯ ಆಗಲಿಲ್ಲ, ಭಾರತ ಟೂರ್ನಿಯಿಂದಲೇ ಹೊರಬಿತ್ತು. ಸ್ವಂತ ನೆಲದಲ್ಲಿ, ಎರಡನೇ ಪಂದ್ಯಕ್ಕೆ ಕಣಕ್ಕೇ ಇಳಿಯದೆ ಮನೆಗೆ ಹೋದ ಹುಡುಗಿಯರು ಅವರು. ಆ ತಂಡದ ಕೆಲವರು ಈಗಲೂ ಆಡುತ್ತಿದ್ದಾರೆ.

ಈಗ ನಿಮ್ಮ ಪ್ರಯಾಣದ ಲೆಕ್ಕಕ್ಕೆ ಬರುತ್ತೇನೆ. ಮಾರ್ಚ್ 4ಕ್ಕೆ ವಿಯೆಟ್ನಾಂ, 7ಕ್ಕೆ ಜಪಾನ್. ಎರಡೂ ಪರ್ತ್‌ನಲ್ಲಿ. 10ಕ್ಕೆ ಚೈನೀಸ್ ತೈಪೆ, ಅದು ಸಿಡ್ನಿಯಲ್ಲಿ. ನೀವು ಪರ್ತ್ ಮುಗಿಸಿ ವಾಪಸ್ ಬರುವ ಯೋಚನೆಯಲ್ಲಿದ್ದೀರಿ. ದುಡ್ಡು ಒಂದು ಚೂರು ಹಿಗ್ಗುವುದಾದರೆ ಸಿಡ್ನಿಗೂ ಹೋಗಿ. ಪರ್ತ್‌ನಿಂದ ಸಿಡ್ನಿಗೆ ವಿಮಾನದಲ್ಲೇ ನಾಲ್ಕು ಗಂಟೆಗೂ ಜಾಸ್ತಿ, ಸಣ್ಣ ಖರ್ಚಲ್ಲ. ಆದರೆ ಸಿಡ್ನಿಯಿಂದ ಬೆಂಗಳೂರಿಗೆ ನೇರ ವಿಮಾನ ಇದೆ. ಪರ್ತ್‌ಗೆ ಹೇಗಿದ್ದರೂ ಸಿಂಗಪುರ ಅಥವಾ ಕೌಲಾಲಂಪುರದಲ್ಲಿ ಇಳಿದು ಹತ್ತಬೇಕು. ಹೋಗುವಾಗ ಆ ದಾರಿ, ಬರುವಾಗ ಈ ದಾರಿ ಮಾಡಿಕೊಳ್ಳಬಹುದು. 1980ರಲ್ಲಿ ಸೋತ ಎದುರಾಳಿ, 2022ರಲ್ಲಿ ಆಡಲು ಆಗದೇ ಹೋದ ಎದುರಾಳಿ. ಆ ಪಂದ್ಯಕ್ಕೆ ನೀವು ಅಲ್ಲಿರಬೇಕು ಅಂತ ನನ್ನ ಆಸೆ.

ಜಪಾನ್ ಬಗ್ಗೆ ನಿಮ್ಮ ಮಗ ಹೇಳಿದ್ದು ತಪ್ಪಲ್ಲ. ಅವರು 2011ರಲ್ಲಿ ವಿಶ್ವಕಪ್ ಗೆದ್ದ ತಂಡ. ನಾವು ಸೋಲುವ ಸಾಧ್ಯತೆಯೇ ಜಾಸ್ತಿ, ದೊಡ್ಡದಾಗಿಯೇ ಸೋಲಬಹುದು. ಆದರೆ ಟೂರ್ನಿಯ ನಿಯಮ ನೋಡಿ. 12 ತಂಡ, ಮೂರು ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡ ಕ್ವಾರ್ಟರ್‌ಫೈನಲ್‌ಗೆ. ಮೂರನೇ ಸ್ಥಾನದಲ್ಲಿ ಬಂದವರಲ್ಲಿ ಚೆನ್ನಾಗಿ ಆಡಿದ ಎರಡು ತಂಡಕ್ಕೂ ಜಾಗ ಇದೆ. ಅಲ್ಲಿ ಪಾಯಿಂಟ್ ಸಮ ಆದರೆ ಗೋಲಿನ ಲೆಕ್ಕ ನೋಡುತ್ತಾರೆ. ಅಂದರೆ ಜಪಾನ್ ಎದುರು ಐದು ಗೋಲು ಬಿಟ್ಟುಕೊಡುವುದಕ್ಕೂ ನಾಲ್ಕು ಬಿಟ್ಟುಕೊಡುವುದಕ್ಕೂ ವ್ಯತ್ಯಾಸ ಇದೆ. ಕ್ವಾರ್ಟರ್‌ಫೈನಲ್ ಮುಟ್ಟಿದರೆ 2027ರ ಬ್ರೆಜಿಲ್ ವಿಶ್ವಕಪ್ಪಿನ ಬಾಗಿಲು ತಟ್ಟಿದ ಹಾಗೆ. ಸೆಮಿಫೈನಲ್‌ಗೆ ಹೋದ ನಾಲ್ಕು ತಂಡಕ್ಕೆ ನೇರ ಪ್ರವೇಶ. ಕ್ವಾರ್ಟರ್‌ಫೈನಲ್‌ನಲ್ಲಿ ಸೋತವರಿಗೂ ಇನ್ನೊಂದು ಪಂದ್ಯ, ಅದರಲ್ಲಿ ಗೆದ್ದ ಇಬ್ಬರಿಗೆ ಪ್ರವೇಶ. ಹಾಗಾಗಿ 80ನೇ ನಿಮಿಷದಲ್ಲಿ ಸೋಲುತ್ತಿರುವ ತಂಡದ ಡಿಫೆಂಡರ್ ಒಬ್ಬಳು ಗೋಲಿನ ಗೆರೆಯ ಮೇಲೆ ಚೆಂಡು ತಡೆದರೆ, ಅದಕ್ಕೆ ಗೋಲು ಹೊಡೆದಷ್ಟೇ ಜೋರಾಗಿ ಚಪ್ಪಾಳೆ ಬೀಳಬೇಕು. ಅದನ್ನು ತಟ್ಟುವವರು ಯಾರು? ಮೂವತ್ತು ವರ್ಷ ಮಕ್ಕಳನ್ನು ಆಡಿಸಿದ ನಿಮ್ಮಂಥವರಿಗೆ ಅದು ಗೊತ್ತಿರುತ್ತದೆ. ಮೂರು ಹೆಂಗಸರಿಂದ ಏನು ಸಿಗುತ್ತದೆ ಎಂದು ಕೇಳಿದಿರಲ್ಲ, ಇದು ಸಿಗುತ್ತದೆ.

ಇನ್ನು ನಿಮ್ಮ ಯಜಮಾನರಿಗೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ನಮ್ಮೆ, ಅಂದರೆ ಹಾಕಿ ಹಬ್ಬ, ಶುರು ಮಾಡಿದಾಗ 60 ತಂಡ ಬಂದಿದ್ದವು. 2024ರಲ್ಲಿ ನಿಮ್ಮ ಮನೆಯ ಹತ್ತಿರದ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕಪ್‌ಗೆ 360 ತಂಡ, ಗಿನ್ನೆಸ್ ದಾಖಲೆ. ಅಲ್ಲಿ ಒಂದೇ ಒಕ್ಕದ, ಅಂದರೆ ಒಂದೇ ಮನೆತನದ, ಹೆಣ್ಣುಮಕ್ಕಳು ಗಂಡುಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ಅಪ್ಪನಿಂದ ಪಾಸ್ ತೆಗೆದುಕೊಂಡು ಮಗಳು ಓಡುವುದನ್ನು ನಾವು ನೋಡಿದ್ದೇವೆ. ಮೊದಲ ಸುತ್ತಲ್ಲೇ ಸೋಲುತ್ತೇವೆ ಎಂದು ಗೊತ್ತಿದ್ದರೂ ಇಡೀ ಒಕ್ಕ ಜೀಪು ಮಾಡಿಕೊಂಡು ಬರುತ್ತದೆ. ಯಾರೂ "ಸೋಲೋದನ್ನ ನೋಡೋಕೆ ಯಾಕೆ ಬಂದಿರಿ" ಅನ್ನುವುದಿಲ್ಲ. ಟೀಚರ್ ಹೊರಟಿರುವುದೂ ಅದೇ ಪ್ರೀತಿಯಿಂದ. ಒಕ್ಕ ಸ್ವಲ್ಪ ದೊಡ್ಡದಾಗಿದೆ ಅಷ್ಟೆ. ಮತ್ತೆ ಫುಟ್ಬಾಲ್ ನಮ್ಮ ಜಿಲ್ಲೆಗೆ ಹೊರಗಿನದೂ ಅಲ್ಲ. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿದವರನ್ನು ಕೇಳಿ. ಅಲ್ಲಿ ಹೆಣ್ಣುಮಕ್ಕಳೂ ಆಡುವಂತೆ ಆಗಬೇಕು ಅನ್ನುವುದು ನನ್ನ ಬೇಡಿಕೆ, ಅದನ್ನು ಬೇರೆ ಸಂಚಿಕೆಯಲ್ಲಿ ಬರೆಯುತ್ತೇನೆ.

ತೋಟದ ವಿಷಯದಲ್ಲಿ ನಾನು ಏನೂ ಹೇಳಲಾರೆ. ಹೂ ಅರಳುವ ಹೊತ್ತಿಗೆ ನೀರು ತಪ್ಪಿದರೆ ಆ ವರ್ಷದ ಫಸಲೇ ಹೋಗುತ್ತದೆ. ಸ್ಪ್ರಿಂಕ್ಲರ್ ಪೈಪು ಸಾಗಿಸುವ ಕೆಲಸ ಮಗ ವಹಿಸಿಕೊಳ್ಳುತ್ತಾರಾ ಕೇಳಿ. ಹತ್ತು ದಿನ.

ಕೆಲವು ಮುಖ್ಯ ಮಾತು. ವೀಸಾ ಅರ್ಜಿಯನ್ನು ಈಗಲೇ ಹಾಕಿ, ಆನ್‌ಲೈನ್‌ನಲ್ಲೇ ಆಗುತ್ತದೆ. ವೀಸಾ ಕೈಗೆ ಬರುವ ತನಕ ವಿಮಾನದ ಟಿಕೆಟ್ ಕೊಳ್ಳಬೇಡಿ. ಪಿಂಚಣಿ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ತೋಟದ ಆರ್‌ಟಿಸಿ ಜೊತೆಗಿಡಿ. ವಾಪಸ್ ಬರಲು ನಿಮಗೆ ಊರಲ್ಲಿ ಕಾರಣ ಇದೆ ಎಂದು ಅವು ತೋರಿಸುತ್ತವೆ. ಪಂದ್ಯದ ಟಿಕೆಟ್ ಕೊಳ್ಳುವಾಗ ಭಾರತದ ಅಭಿಮಾನಿಗಳು ಯಾವ ಬದಿಯಲ್ಲಿ ಕೂರುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಬ್ಲೂ ಪಿಲ್ಗ್ರಿಮ್ಸ್ ಎಂಬ ಅಭಿಮಾನಿಗಳ ಗುಂಪು 2017ರಿಂದ ಭಾರತ ತಂಡದ ಬೆನ್ನಿಗಿದೆ, ಅವರಿಗೆ ಒಂದು ಸಂದೇಶ ಕಳಿಸಿ. ಮೂರು ಜನ ಒಂದು ಮೂಲೆಯಲ್ಲಿ ಕೂರುವುದಕ್ಕಿಂತ ಮೂವತ್ತು ಜನರ ನಡುವೆ ಕೂತರೆ ನಿಮ್ಮ ದನಿ ಮೈದಾನಕ್ಕೆ ಮುಟ್ಟುತ್ತದೆ. ಪರ್ತ್ ಜನಕ್ಕೆ ಹೆಣ್ಣುಮಕ್ಕಳ ಫುಟ್ಬಾಲ್ ಹೊಸದಲ್ಲ. 2023ರ ಮಹಿಳಾ ವಿಶ್ವಕಪ್ಪಿನ ಕೆಲವು ಪಂದ್ಯಗಳು ನೀವು ಕೂರುವ ಸ್ಟೇಡಿಯಂನಲ್ಲೇ ನಡೆದಿದ್ದವು. ಆ ಟೂರ್ನಿಯನ್ನು ಒಟ್ಟು ಸುಮಾರು 20 ಲಕ್ಷ ಜನ ಸ್ಟೇಡಿಯಂಗೆ ಬಂದು ನೋಡಿದ್ದರು.

ನಮ್ಮ ದುಡಿ ವಾದ್ಯ ಒಯ್ಯಬಹುದಾ ಎಂದು ಕೇಳಿದ್ದೀರಿ. ಬೇಡ ಅನ್ನಿಸುತ್ತದೆ. ಅದರ ಮೇಲೆ ಚರ್ಮ ಇದೆ. ಆಸ್ಟ್ರೇಲಿಯಾದಲ್ಲಿ ಇಳಿದ ಕೂಡಲೇ ಪ್ರಾಣಿ, ಗಿಡಕ್ಕೆ ಸಂಬಂಧಿಸಿದ ಪ್ರತಿ ವಸ್ತುವನ್ನೂ ಕಾರ್ಡಿನಲ್ಲಿ ಬರೆದು ತೋರಿಸಬೇಕು. ಮುಚ್ಚಿಟ್ಟರೆ ದಂಡ ಬೀಳುತ್ತದೆ. ಅದನ್ನು ದಾಟಿಸಿದರೂ ಸ್ಟೇಡಿಯಂ ಬಾಗಿಲಲ್ಲಿ ವಾದ್ಯಕ್ಕೆ ಮೊದಲೇ ಅನುಮತಿ ಬೇಕಾಗುತ್ತದೆ. ಪರ್ತ್‌ನಲ್ಲಿ ಉಳಿಸಿಕೊಳ್ಳುವ ನೆಂಟರಿಗೆ ಅಂತ ಹುರಿದು ಪುಡಿ ಮಾಡಿದ ಕಾಫಿ ಒಯ್ಯಿರಿ, ಅದನ್ನೂ ಕಾರ್ಡಿನಲ್ಲಿ ಬರೆಯಿರಿ. ಹಂದಿ ಮಾಂಸದ ಪಂದಿಕರಿ ಖಂಡಿತ ಬೇಡ. ಜೇನೂ ಬೇಡ. ಕೊಡಗಿನಿಂದ ಹೋಗುವವರ ಚೀಲದಲ್ಲಿ ಜೇನಿನ ಬಾಟಲಿ ಇಲ್ಲದಿರುವುದು ಕಷ್ಟ, ಗೊತ್ತು. ಆದರೆ ಪರ್ತ್ ಇರುವ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದವರು ತಮ್ಮ ಜೇನುಹುಳಕ್ಕೆ ರೋಗ ತಗಲಬಾರದೆಂದು ಹೊರಗಿನ ಜೇನನ್ನು ಒಳಗೇ ಬಿಡುವುದಿಲ್ಲ. ತಮ್ಮದೇ ದೇಶದ ಬೇರೆ ರಾಜ್ಯದ ಜೇನನ್ನೂ ಬಿಡುವುದಿಲ್ಲ.

ಸೀರೆ ಉಡಬಹುದಾ ಎನ್ನುವ ಪ್ರಶ್ನೆಯೂ ಇತ್ತು. ಖಂಡಿತ ಉಡಿ, ಕೊಡವ ಸೀರೆಯನ್ನೇ ಉಡಿ. ಭಾರತದ ಜೆರ್ಸಿ ನೀಲಿ. ನಿಮ್ಮ ಮೂವರ ಹತ್ತಿರವೂ ಒಂದೊಂದು ನೀಲಿ ಸೀರೆ ಇದ್ದರೆ ಅದೇ ಆಗಲಿ. ಪರ್ತ್ ನಮಗಿಂತ ಎರಡೂವರೆ ಗಂಟೆ ಮುಂದೆ. ಮಾರ್ಚ್ 4ರಂದು ನಮ್ಮ ಕಚೇರಿಯಲ್ಲಿ ಎಲ್ಲರೂ ಪಂದ್ಯಕ್ಕೆ ಕೂರುತ್ತೇವೆ. ಅಕ್ಕನ ಮಗಳೂ ಬರುತ್ತಾಳೆ. ಯಾವ ಬದಿಯ ಯಾವ ಸಾಲಿನಲ್ಲಿ ಕೂರುತ್ತೀರಿ ಅಂತ ಹೊರಡುವ ಮುಂಚೆ ಒಂದು ಸಾಲು ಬರೆದು ಹಾಕಿ. ಕ್ಯಾಮೆರಾ ಆ ಕಡೆ ತಿರುಗಿದಾಗಲೆಲ್ಲ ನಾವು ನೀಲಿ ಸೀರೆ ಹುಡುಕುತ್ತಿರುತ್ತೇವೆ.

ಸಂಪಾದಕ