ಪ್ರತಿಕ್ರಿಯೆ: ಆನ್‌ಲೈನ್ ಕಾರ್ಯಾಗಾರದಲ್ಲಿ ಪಬ್‌ಮೆಡ್ ಕಲಿಸುವುದು ಹೇಗೆ?

ನಮಸ್ಕಾರ. ವೈದ್ಯಕೀಯ ಕಾಲೇಜಿನ 40 ಅಧ್ಯಾಪಕರಿಗೆ ಜೂಮ್‌ನಲ್ಲಿ 3 ಗಂಟೆ ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲಿನ ಸಂಶೋಧನೆಗಳನ್ನೆಲ್ಲ ಕ್ರಮಬದ್ಧವಾಗಿ ಹುಡುಕಿ ಪರಿಶೀಲಿಸುವ ವಿಧಾನ) ಕಾರ್ಯಾಗಾರ ಮಾಡಿದರೂ ಯಾರಿಗೂ ವೈದ್ಯಕೀಯ ಸಂಶೋಧನಾ ಲೇಖನಗಳ ಹುಡುಕುತಾಣ ಪಬ್‌ಮೆಡ್‌ನಲ್ಲಿ ಸ್ವಂತವಾಗಿ ಹುಡುಕಲು ಬರಲಿಲ್ಲ, ಏನು ಬದಲಿಸಲಿ ಎಂದು ಕೇಳಿದ್ದೀರಿ.

ಮೊದಲು ಸ್ಲೈಡ್‌ಗಳಿಗೆ ಕತ್ತರಿ ಹಾಕಿ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ (ಐಸಿಎಂಆರ್-ಎನ್‌ಐಇ) ಆನ್‌ಲೈನ್ ಕೋರ್ಸ್ ವೇದಿಕೆ ಎನ್‌ಪಿಟೆಲ್ ಮೂಲಕ ನಡೆಸುವ ಬಯೋಮೆಡಿಕಲ್ ರಿಸರ್ಚ್ ಕೋರ್ಸನ್ನು ನಿಮ್ಮವರಲ್ಲಿ ಹಲವರು ಮುಗಿಸಿರುತ್ತಾರೆ. ಅದನ್ನೇ ಮತ್ತೆ ಹೇಳಿದರೆ ಕ್ಯಾಮೆರಾ ಆಫ್ ಮಾಡಿ ಓಪಿಡಿಗೆ ಹೊರಡುತ್ತಾರೆ. ಮಾತು 20 ನಿಮಿಷ ಸಾಕು.

ಉಳಿದ ಸಮಯವೆಲ್ಲ ಬ್ರೇಕ್‌ಔಟ್ ರೂಮ್ (ಜೂಮ್‌ನೊಳಗಿನ ಸಣ್ಣ ಗುಂಪು), ತಲಾ 5 ಜನ. ಸ್ಕ್ರೀನ್ ಹಂಚಬೇಕಾದವರು ಕಲಿಯುವವರು, ನೀವಲ್ಲ. ಫೋನಲ್ಲಿ ಸೇರಿದವರಿಗೆ ಇದು ಕಷ್ಟ. ಲ್ಯಾಪ್‌ಟಾಪ್ ಕಡ್ಡಾಯ ಅಂತ ನೋಂದಣಿ ಫಾರ್ಮಿನಲ್ಲೇ ಹಾಕಿ.

ಜನ ಹೆಚ್ಚಾಗಿ ಮುಗ್ಗರಿಸುವುದು ಉದ್ಧರಣ ಚಿಹ್ನೆಯಲ್ಲಿ. 'ಹಾರ್ಟ್ ಅಟ್ಯಾಕ್' ಎಂದು ಚಿಹ್ನೆ ಇಲ್ಲದೆ ಇಂಗ್ಲಿಷಿನಲ್ಲಿ ಹುಡುಕಿಸಿ, ಅಡ್ವಾನ್ಸ್ಡ್ ಪುಟದ ಹಿಸ್ಟರಿಯಲ್ಲಿ ಡೀಟೇಲ್ಸ್ ತೆರೆಸಿ. ಹೃದಯಾಘಾತದ ವೈದ್ಯಕೀಯ ಹೆಸರಾದ ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎಂಬ ಮೆಶ್ ಪದ (ಪಬ್‌ಮೆಡ್ ಲೇಖನಗಳಿಗೆ ಹಚ್ಚುವ ನಿಗದಿತ ವಿಷಯಸೂಚಕ) ತಾನಾಗಿ ಸೇರಿಕೊಂಡಿರುತ್ತದೆ. ಅದನ್ನೇ ಎರಡೆಳೆ ಉದ್ಧರಣ ಚಿಹ್ನೆಯೊಳಗೆ ಹಾಕಿದರೆ ಆ ಜೋಡಣೆ ನಿಂತುಹೋಗಿ ಫಲಿತಾಂಶ ಕುಸಿಯುತ್ತದೆ. ಪದದ ತುದಿಗೆ ನಕ್ಷತ್ರ ಚಿಹ್ನೆ ಅಂಟಿಸಿದರೂ ಇದೇ ಕತೆ. ಉದ್ಧರಣ ಚಿಹ್ನೆ ಇಲ್ಲದೆ ಮತ್ತು ಇದ್ದಾಗ ಬಂದ ಫಲಿತಾಂಶಗಳ ಎರಡು ಸಂಖ್ಯೆಗಳನ್ನೂ ಚಾಟ್‌ನಲ್ಲಿ ಬರೆಸಿ. ಹತ್ತು ಸ್ಲೈಡ್ ಮಾಡದ ಕೆಲಸವನ್ನು ಅದು ಮಾಡುತ್ತದೆ.

ಕಾರ್ಯಾಗಾರವನ್ನು ಎರಡು ದಿನಕ್ಕೆ ಹಂಚುವುದಾದರೆ ಹುಡುಕಾಟವನ್ನು ಮೈ ಎನ್‌ಸಿಬಿಐ ಎಂಬ ಪಬ್‌ಮೆಡ್‌ನ ವೈಯಕ್ತಿಕ ಖಾತೆಯಲ್ಲಿ ಉಳಿಸಿಸಿ. 8 ಗಂಟೆಗಳ ಕಾಲ ಪಬ್‌ಮೆಡ್ ಮುಟ್ಟದಿದ್ದರೆ ಹಿಸ್ಟರಿ ಅಳಿಸಿಹೋಗುತ್ತದೆ.

ಸಿಕ್ಕ ಲೇಖನಗಳನ್ನು ತಂಡವಾಗಿ ಆರಿಸಲು ಬಳಸುವ ರಯ್ಯಾನ್ ಎಂಬ ತಾಣದ ಖಾತೆಯನ್ನು ಎರಡು ದಿನ ಮೊದಲೇ ತೆರೆಸಿ, ದೃಢೀಕರಣದ ಮೇಲ್ ಸ್ಪ್ಯಾಮ್‌ಗೆ ಹೋಗಿ ಅರ್ಧ ಗಂಟೆ ಹಾಳಾಗುವುದುಂಟು. ಸ್ಕ್ರೀನಿಂಗ್ (ಯಾವ ಲೇಖನ ಬೇಕು, ಯಾವುದು ಬೇಡ ಎಂದು ಆರಿಸುವುದು) ಮುಗಿಯುವ ತನಕ ಒಬ್ಬರ ಆಯ್ಕೆ ಇನ್ನೊಬ್ಬರಿಗೆ ಕಾಣದಂತೆ ಮಾಡುವ ಬ್ಲೈಂಡ್ ಆನ್ ಇರಲಿ. ಇಲ್ಲದಿದ್ದರೆ ಹಿರಿಯ ಪ್ರೊಫೆಸರ್ ಒತ್ತಿದ್ದನ್ನೇ ಕಿರಿಯರೂ ಒತ್ತುತ್ತಾರೆ.