ಏರಿಯಾ ಬಿಡಿ, ಸರ್ವೆ ನಂಬರ್ ಹೇಳಿ

ಭೂಮಾಪಕನಾಗಿ ನಿವೃತ್ತನಾದ ಮೇಲೆ ಓದುಗರಿಗೆ ಉತ್ತರ ಬರೆಯಲು ಒಪ್ಪಿಕೊಂಡೆ. ಅಂದಿನಿಂದ ಬರೆಯುವವರ ಹೆಸರು, ಊರು ಬದಲಾಗುತ್ತವೆ, ಪ್ರಶ್ನೆ ಮಾತ್ರ ಅದೇ: ಬೆಂಗಳೂರಿನಲ್ಲಿ ಯಾವ ಏರಿಯಾದಲ್ಲಿ ಸೈಟ್ ಕೊಳ್ಳಲಿ? ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ತೋರಿಸಬಹುದು. ಇಸಿ (ಋಣಭಾರ ಪ್ರಮಾಣಪತ್ರ), ಮೂಲಪತ್ರ, ವಕೀಲರ ಪರಿಶೀಲನೆ ಬಗ್ಗೆ ಬರೆಯುವುದಿಲ್ಲ. ಅವಿಲ್ಲದೆ ಮುಂಗಡ ಕೊಡುವವರಿಗೆ ನನ್ನಿಂದ ಏನೂ ಆಗದು.

ಪ್ರಶ್ನೆ: ದಾವಣಗೆರೆಯ ಮನೆ ಮಾರಿ ಬೆಂಗಳೂರಿಗೆ ಬರುತ್ತಿದ್ದೇವೆ. ಮಗನಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ, ಸೊಸೆಯೂ ಕೆಲಸಕ್ಕೆ ಹೋಗುತ್ತಾಳೆ. 30×40 ಸೈಟ್ ತಗೊಂಡು ಮನೆ ಕಟ್ಟಿಸುವ ಆಸೆ. ಸರ್ಜಾಪುರ ರಸ್ತೆಯೋ, ದೇವನಹಳ್ಳಿಯೋ, ಕನಕಪುರ ರಸ್ತೆಯೋ? ಯಾವ ಏರಿಯಾ ಒಳ್ಳೇದು?

ಉತ್ತರ: ಸೊಸೆಯ ಆಫೀಸ್ ಎಲ್ಲಿ ಅಂತ ನೀವು ಬರೆದೇ ಇಲ್ಲ. ಆಕೆಯದು ಎಲೆಕ್ಟ್ರಾನಿಕ್ ಸಿಟಿಯಾಗಿದ್ದು ನೀವು ದೇವನಹಳ್ಳಿಯಲ್ಲಿ ಕಟ್ಟಿಸಿದರೆ, ಆ ಮನೆಯನ್ನು ಆಕೆ ಬೆಳಕಿನಲ್ಲಿ ನೋಡುವುದು ಭಾನುವಾರ ಮಾತ್ರ. ಮೊದಲು ಅದನ್ನು ಕೇಳಿಕೊಂಡು ಬನ್ನಿ.

ಇನ್ನು ಏರಿಯಾ. ಅದು ಬ್ರೋಕರ್ ಮಾತು. ನೀವು ಕೊಳ್ಳುವುದು ಒಂದು ಸರ್ವೆ ನಂಬರಿನ ಸಣ್ಣ ತುಂಡು. ನಮ್ಮ 33 ಅಡಿ ಸರಪಳಿಯ ಒಂದು ಚೌಕಕ್ಕೆ 1,089 ಚದರಡಿ, ಅದೇ ಒಂದು ಗುಂಟೆ. ನಿಮ್ಮ 30×40 ಅದಕ್ಕಿಂತ ಚೂರು ಜಾಸ್ತಿ, ಅಷ್ಟೆ. ಆ ಒಂದು ಗುಂಟೆ ದಿಣ್ಣೆಯಲ್ಲಿದೆಯೋ ತಗ್ಗಿನಲ್ಲಿದೆಯೋ ಎಂಬುದು ಏರಿಯಾದ ಹೆಸರಿನಿಂದ ತಿಳಿಯುವುದಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಸರ್ಜಾಪುರ ರಸ್ತೆ, ಯಮಲೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಅದೇ ಕಡೆ ಏರಿನ ಮೇಲೆ ಮನೆಯಿದ್ದವರು ಅದರ ವಿಡಿಯೋ ನೋಡುತ್ತ ಕಾಫಿ ಕುಡಿದರು.

ಬೆಂಗಳೂರಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಬಿದ್ದ ನೀರು ಮೂರು ಕಣಿವೆ ಹಿಡಿದು ಇಳಿಯುತ್ತದೆ. ವೃಷಭಾವತಿಯದು ಅರ್ಕಾವತಿ ಸೇರಿ ಕಾವೇರಿಗೆ. ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳದು ದಕ್ಷಿಣ ಪಿನಾಕಿನಿಗೆ. ಈ ಇಳಿಜಾರು ನೋಡಿಯೇ ಹಿಂದಿನವರು ಕೆರೆಯ ಕೆಳಗೊಂದು ಕೆರೆ ಕಟ್ಟಿ, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವಂತೆ ಮಾಡಿದ್ದು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ. ಊರ ಹೆಸರೂ ಸುಳಿವು ಕೊಡುತ್ತದೆ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳ ‘ಸಂದ್ರ’ ಸಮುದ್ರವೇ, ಅಂದರೆ ದೊಡ್ಡ ಕೆರೆ. ಹಾಗಂತ ಸಂದ್ರಗಳನ್ನೆಲ್ಲ ಬಿಟ್ಟುಬಿಡಿ ಅನ್ನುತ್ತಿಲ್ಲ. ಆ ಸೈಟು ಹಿಂದೆ ಕೆರೆಯ ಕೆಳಗಿನ ಗದ್ದೆಯೋ, ಮೇಲಿನ ರಾಗಿ ಹೊಲವೋ ಎಂದು ವಿಚಾರಿಸಿ ಅನ್ನುತ್ತಿದ್ದೇನೆ.

ವಿಚಾರಿಸಬೇಕಾದ್ದು ಗ್ರಾಮ ನಕ್ಷೆಯಲ್ಲಿ. ಪಾರ್ಕಿಗೆ ಹಸಿರು, ಈಜುಕೊಳಕ್ಕೆ ನೀಲಿ ಬಳಿದ ಬಡಾವಣೆಯ ಬ್ರೋಷರಿನಲ್ಲಲ್ಲ. ಸರ್ಕಾರದ ದಿಶಾಂಕ್ ಆಪ್ ತೆರೆದು ಸೈಟಿನಲ್ಲಿ ನಿಂತರೆ ಸರ್ವೆ ನಂಬರ್ ಕಾಣುತ್ತದೆ. ಅದು ಕೆಲವು ಮೀಟರ್ ಆಚೀಚೆ ತೋರಿಸುವುದುಂಟು, ಅದನ್ನೇ ಅಳತೆ ಎಂದುಕೊಳ್ಳಬೇಡಿ. ಆ ನಂಬರ್ ಹಿಡಿದು ಗ್ರಾಮ ನಕ್ಷೆ ತೆಗೆಸಿ, ಹಳ್ಳದ ಗೆರೆ ಎಲ್ಲಿ ಹಾದಿದೆ ನೋಡಿ. ಪಹಣಿಯಲ್ಲಿ ಖರಾಬಿನ, ಅಂದರೆ ಸಾಗುವಳಿಗೆ ಬಾರದ ಜಾಗದ, ಕಾಲಂ ಓದಿ. ಬಿ ಖರಾಬು ಅಂದರೆ ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಜಮೀನಿನ ಮಾಲೀಕನಿಗೆ ಇಲ್ಲ. ಸರ್ವೆ ಇಲಾಖೆಯ ಮೂಲ ದಾಖಲೆ ಆಕಾರಬಂದ್‌ನ ವಿಸ್ತೀರ್ಣಕ್ಕೂ ಪಹಣಿಯದಕ್ಕೂ ತಾಳೆಯಾಗದಿದ್ದರೆ ಮುಂದಿನ ಮಾತು ಬೇಡ, ಎದ್ದು ಬನ್ನಿ.

ನನ್ನ ತಂಗಿ ಎದ್ದು ಬರಲಿಲ್ಲ. ಅಣ್ಣ ಸರ್ವೆಯವನಾಗಿದ್ದೂ, ‘ನೀನು ಎಲ್ಲದಕ್ಕೂ ಕೊಂಕು ತೆಗೀತೀಯ’ ಅಂತ ನನಗೆ ಹೇಳದೆ ಸೈಟ್ ಕೊಂಡಳು. ಗೃಹಪ್ರವೇಶ ಆದ ಮೇಲೆ ಟೇಪು ಹಿಡಿದು ನೋಡಿದರೆ ಅಡುಗೆಮನೆಯ ಹಿಂದಿನ ಹನ್ನೊಂದು ಅಡಿ ಹಳ್ಳದ ಖರಾಬಿನಲ್ಲಿದೆ. ಮಾರಿದವನು ಫೋನ್ ಎತ್ತುವುದಿಲ್ಲ. ಜೋರು ಮಳೆ ಬಂದ ರಾತ್ರಿ ಅವಳು ನಿದ್ದೆ ಮಾಡುವುದಿಲ್ಲ. ನನ್ನ ಮಾತಿನಲ್ಲಿ ಸಿಡುಕು ಕಂಡರೆ ಅದಕ್ಕೆ ಇದೂ ಕಾರಣ.

‘ಬಫರ್ ರೂಲ್ ಸಡಿಲ ಆಗಿದೆ ಸಾರ್’ ಅನ್ನುವವರಿದ್ದಾರೆ. ಕೆರೆಯಿಂದ 75 ಮೀಟರ್ ಬಿಡಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಳ್ಳಕ್ಕೆ ಈ ಆದೇಶಗಳು ತಲುಪಿದಂತೆ ಕಾಣಲಿಲ್ಲ, ಮೂರು ವರ್ಷ ಬಿಟ್ಟು ತನ್ನ ಹಳೇ ದಾರಿಯಲ್ಲೇ ಬಂತು. ಕಾನೂನು ಎಷ್ಟು ಹತ್ತಿರ ಬಿಡುತ್ತದೋ ಅಷ್ಟು ಹತ್ತಿರ ನೀವು ಹೋಗಬೇಕೆಂದೇನಿಲ್ಲ.

ಸೈಟ್ ನೋಡಲು ಭಾನುವಾರ ಬೆಳಿಗ್ಗೆ ಬ್ರೋಕರ್ ಕಾರಿನಲ್ಲಿ ಹೋಗಬೇಡಿ. ಜೋರು ಮಳೆಯ ಮಾರನೇ ದಿನ ನೀವೇ ಹೋಗಿ, ಇಸ್ತ್ರಿ ಅಂಗಡಿಯವನನ್ನು ಮಾತಾಡಿಸಿ. ಅಕ್ಕಪಕ್ಕದವರು ಗೇಟಿಗೆ ಅಡ್ಡಲಾಗಿ ಎರಡಡಿ ಕಟ್ಟೆ ಕಟ್ಟಿಕೊಂಡಿದ್ದರೆ ಯಾಕೆಂದು ಕೇಳುವ ಅಗತ್ಯವೂ ಇಲ್ಲ. ಮಾರ್ಚ್‌ನಲ್ಲಿ ಇನ್ನೊಮ್ಮೆ ಹೋಗಿ, ಕಾಂಪೌಂಡುಗಳ ಮೇಲೆ ಬರೆದ ಟ್ಯಾಂಕರ್ ಫೋನ್ ನಂಬರುಗಳನ್ನು ಎಣಿಸಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ 110 ಹಳ್ಳಿಗಳಿಗೆಂದು ಶುರುವಾಯಿತು, ನಿಜ. ಆದರೆ ‘ಕಾವೇರಿ ಬಂದಿದೆ’ ಅನ್ನುವವನಿಗೆ ಆ ಬೀದಿಯ ಒಂದು ಮನೆಯ ನೀರಿನ ಬಿಲ್ ತೋರಿಸಲು ಹೇಳಿ. ಪೈಪು ಬಂದು ಮಲಗಿರುವ ಬೀದಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೆಟ್ರೋಗೂ ಇದೇ ಮಾತು. ಬೊಮ್ಮಸಂದ್ರದ ಹಳದಿ ಮಾರ್ಗ ಗಡುವಿನ ಮೇಲೆ ಗಡುವು ದಾಟಿ ಓಡಿದ್ದು 2025ರ ಆಗಸ್ಟ್‌ನಲ್ಲಿ. ಅದನ್ನು ನಂಬಿ ಮುಂಚೆಯೇ ಕೊಂಡವರು ಅಷ್ಟೂ ವರ್ಷ ಟ್ರಾಫಿಕ್ ಕಟ್ಟಿಕೊಳ್ಳುವ ಸಿಲ್ಕ್ ಬೋರ್ಡ್‌ನಲ್ಲಿ ನಿಂತರು. ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಇದೆಲ್ಲ ತಿಳಿಯಲು ಒಂದು ಬೇಸಿಗೆ, ಒಂದು ಮಳೆಗಾಲ ಬೇಕು. ಅಲ್ಲಿಯವರೆಗೆ ಮಗ-ಸೊಸೆ ಇಬ್ಬರಿಗೂ ಅನುಕೂಲವಾದ ಕಡೆ ಬಾಡಿಗೆಗೆ ಇರಿ. ‘ಬಾಡಿಗೆ ದಂಡ’ ಅನ್ನುತ್ತೀರಿ, ಗೊತ್ತು. ನನ್ನ ತಂಗಿಯನ್ನು ಕೇಳಿ ನೋಡಿ.

ಪ್ರಶ್ನೆ: ಬಿ ಖಾತಾ ಸೈಟ್ ಅಗ್ಗಕ್ಕೆ ಸಿಗುತ್ತಿದೆ. ಮುಂದೆ ಎ ಖಾತಾ ಆಗುತ್ತದಂತೆ, ತಗೊಳ್ಳಲೇ?

ಉತ್ತರ: ಆಗುವುದು ಅಷ್ಟು ಖಚಿತವಾಗಿದ್ದರೆ ಮಾರುವವನೇ ಕಾದು ಪೂರ್ತಿ ಬೆಲೆ ತಗೊಳ್ಳುತ್ತಿದ್ದ. ಅಲ್ಲದೆ ಖಾತಾ ಎಂಬುದು ತೆರಿಗೆ ಲೆಕ್ಕ, ಬಿ ಅಂದರೆ ಪೂರ್ತಿ ಮಾನ್ಯತೆ ಇಲ್ಲದ ಆಸ್ತಿಯದು. ಎ ಆದರೂ ಹಕ್ಕುಪತ್ರವಲ್ಲ.

ಪ್ರಶ್ನೆ: ದಕ್ಷಿಣ ದಿಕ್ಕಿನ ಸೈಟ್ ಕೊಳ್ಳಬಹುದೇ?

ಉತ್ತರ: ನೀರು ಯಾವ ದಿಕ್ಕಿನಿಂದ ಬರುತ್ತದೆ ಎಂದು ಕೇಳಿ, ಹೇಳುತ್ತೇನೆ.

ಪ್ರಶ್ನೆ: ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಬೋರ್ ಪಾಯಿಂಟ್ ತೋರಿಸುವವರನ್ನು ಕರೆಸಿದ್ದೇವೆ. ನಂಬಬಹುದೇ?

ಉತ್ತರ: ಕಾಯಿಯನ್ನು ಚಟ್ನಿಗೆ ಇಟ್ಟುಕೊಂಡು ಅವರನ್ನು ಕಳಿಸಿಬಿಡಿ. ನಮ್ಮದು ಗಟ್ಟಿ ಬಂಡೆಯ ನೆಲ, ಆಳದಲ್ಲಿ ನೀರಿರುವುದು ಬಂಡೆಯ ಬಿರುಕಿನಲ್ಲಿ. ಸಾವಿರ ಅಡಿ ಕೊರೆಸಿ ಬರೀ ದೂಳು ಕಂಡವರು ನನ್ನ ಬೀದಿಯಲ್ಲೇ ಮೂವರಿದ್ದಾರೆ, ಮೂವರೂ ಕಾಯಿಗೆ ದುಡ್ಡು ಕೊಟ್ಟವರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 30×40ರ ಮೇಲೆ ಬೀಳುವುದು ಲಕ್ಷ ಲೀಟರಿಗೂ ಮೇಲೆ. ಆ ದುಡ್ಡಿನಲ್ಲಿ ದೊಡ್ಡ ಸಂಪು ಕಟ್ಟಿಸಿ.

ಪ್ರಶ್ನೆ: ಪ್ರೀ-ಲಾಂಚ್ ಫ್ಲ್ಯಾಟ್, ಭಾರೀ ರಿಯಾಯಿತಿ. ಬುಕ್ ಮಾಡಲೇ?

ಉತ್ತರ: ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ಲದೆ ಬುಕಿಂಗ್ ತಗೊಳ್ಳುವಂತೆಯೇ ಇಲ್ಲ. ಬೇಡ.

ಪ್ರಶ್ನೆ: ನಮ್ಮ ಸೈಟ್ ಅಳೆಯಲು ನೀವೇ ಬರುತ್ತೀರಾ? ಫೀಸ್ ಎಷ್ಟು?

ಉತ್ತರ: ಬರುವುದಿಲ್ಲ, ಮಂಡಿ ನೋವು. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅರ್ಜಿ ಹಾಕಿ, ಭೂಮಾಪಕರು ಬರುತ್ತಾರೆ. ಅವರು ಅಳೆಯುವಾಗ ನೆರಳಿನಲ್ಲಿ ಕೂರಬೇಡಿ, ಟೇಪಿನ ಇನ್ನೊಂದು ತುದಿ ನೀವೇ ಹಿಡಿಯಿರಿ.