ಅಧ್ಯಕ್ಷರ ಒಂದು ಸಹಿಯಿಂದ ಅಮೆರಿಕದಲ್ಲಿ ಹುಟ್ಟುವ ಮಗುವಿನ ಪೌರತ್ವ ಹೋಗುತ್ತದೆಯೇ?

ನೀವು ಕೇಳಿರುವುದು ಇಷ್ಟು: ದಂಪತಿ ಇಬ್ಬರೂ ಎಚ್–1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿದ್ದೀರಿ, ಕಾಯಂ ವಾಸಕ್ಕೆ ಬೇಕಾದ ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ಕೆಲವೇ ತಿಂಗಳಲ್ಲಿ ಮಗು ಹುಟ್ಟಲಿದೆ. ಟ್ರಂಪ್ ಅವರ ಆದೇಶದಿಂದ ಆ ಮಗುವಿಗೆ ಅಮೆರಿಕದ ಪೌರತ್ವ ತಪ್ಪಿಹೋಗುತ್ತದೆಯೇ? ಆ ದೇಶದ ಇತಿಹಾಸದಲ್ಲಿ ಹಿಂದೆ ಹೀಗೇನಾದರೂ ನಡೆದಿದೆಯೇ?

2025ರ ಡಿಸೆಂಬರ್‌ನಲ್ಲಿ ಇದನ್ನು ಬರೆಯುವ ಹೊತ್ತಿಗೆ ಉತ್ತರ: ತಪ್ಪುವುದಿಲ್ಲ. ಆ ಆದೇಶ ಈವರೆಗೆ ಒಂದೇ ಒಂದು ಮಗುವಿನ ಮೇಲೂ ಜಾರಿಯಾಗಿಲ್ಲ. ಆದರೆ ಪ್ರಕರಣ ಸುಪ್ರೀಂ ಕೋರ್ಟ್‌ ಮುಂದಿರುವುದರಿಂದ ಈ ಉತ್ತರದ ಮೇಲೆ ಪೂರ್ತಿ ಭಾರ ಹಾಕಬೇಡಿ. ಎರಡನೆಯ ಪ್ರಶ್ನೆಗೆ ಉತ್ತರ: ನಡೆದಿದೆ, ಒಂದಲ್ಲ ಹಲವು ಬಾರಿ. ಅದನ್ನು ತಿಳಿಯದೆ ಈಗಿನ ಸುದ್ದಿಯ ತೂಕ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ನನ್ನ ಮಗಳು ಹುಟ್ಟಿದಾಗ ನಾವೂ ನಿಮ್ಮ ಸ್ಥಿತಿಯಲ್ಲೇ ಇದ್ದೆವು.

ಮೊದಲು ಆದೇಶದ ಬಗ್ಗೆ. 2025ರ ಜನವರಿ 20ರಂದು, ಪ್ರಮಾಣವಚನದ ದಿನವೇ ಟ್ರಂಪ್ ಇದಕ್ಕೆ ಸಹಿ ಹಾಕಿದರು. ಇಲ್ಲಿನ ಕನ್ನಡ ಕೂಟಗಳಲ್ಲಿ ಅನೇಕರು ಇದು ಅಕ್ರಮವಾಗಿ ಗಡಿ ದಾಟಿ ಬಂದವರಿಗೆ ಸಂಬಂಧಿಸಿದ್ದು, ನಮಗಲ್ಲ ಎಂದು ನಿಶ್ಚಿಂತೆಯಿಂದ ಹೇಳುವುದನ್ನು ಕೇಳಿದ್ದೇನೆ. ಆದೇಶವನ್ನು ಓದಿದರೆ ಆ ನಿಶ್ಚಿಂತೆ ಉಳಿಯುವುದಿಲ್ಲ. ಹುಟ್ಟಿನಿಂದ ಪೌರತ್ವ ಸಿಗದ ಮಕ್ಕಳ ಎರಡು ವರ್ಗಗಳು ಅದರಲ್ಲಿವೆ. ತಾಯಿ ಅಕ್ರಮವಾಗಿ ನೆಲೆಸಿದ್ದು ತಂದೆ ಪೌರನೂ ಕಾಯಂ ನಿವಾಸಿಯೂ ಅಲ್ಲದಿದ್ದರೆ ಎಂಬುದು ಮೊದಲನೆಯದು. ತಾಯಿ ಕಾನೂನುಬದ್ಧವಾಗಿಯೇ ಇದ್ದು ಅವಳ ವಾಸ ತಾತ್ಕಾಲಿಕವಾಗಿದ್ದರೆ, ತಂದೆ ಪೌರನೂ ಕಾಯಂ ನಿವಾಸಿಯೂ ಅಲ್ಲದಿದ್ದರೆ ಎಂಬುದು ಎರಡನೆಯದು. ವಿದ್ಯಾರ್ಥಿ ವೀಸಾ, ಎಚ್–1ಬಿ, ಅವರ ಸಂಗಾತಿಗೆ ಸಿಗುವ ಎಚ್–4 ಎಲ್ಲವೂ ಈ ಎರಡನೆಯ ವರ್ಗಕ್ಕೆ ಬರುತ್ತವೆ. ಉದ್ಯೋಗಾಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಯಾವುದೇ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತೀಯರು ದಶಕಗಳ ಕಾಲ ಸರದಿಯಲ್ಲಿ ನಿಂತಿರುತ್ತಾರೆ. ಮನೆ ಕೊಂಡು, ತೆರಿಗೆ ಕಟ್ಟಿ, ಮಕ್ಕಳನ್ನು ಓದಿಸಿ, ತಲೆ ನರೆತರೂ ಕಾಗದದಲ್ಲಿ ಅವರ ವಾಸ ತಾತ್ಕಾಲಿಕವೇ.

ಮೂರೇ ದಿನಗಳಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಆದೇಶಕ್ಕೆ ತಡೆ ನೀಡಿದರು. ಅವರನ್ನು ನೇಮಿಸಿದ್ದವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ರೊನಾಲ್ಡ್ ರೇಗನ್. ಬೇರೆ ನ್ಯಾಯಾಲಯಗಳೂ ಅದೇ ದಾರಿ ಹಿಡಿದವು. ಜೂನ್ 27ರಂದು ಸುಪ್ರೀಂ ಕೋರ್ಟ್ 6–3 ಬಹುಮತದಿಂದ, ಕೆಳ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯಿಸುವಂಥ ತಡೆಯಾಜ್ಞೆ ಕೊಡುವುದಕ್ಕೆ ಮಿತಿ ಹಾಕಿತು. ಟ್ರಂಪ್ ಗೆದ್ದರು ಎಂದು ಸುದ್ದಿಯಾಯಿತು, ಆದರೆ ಆದೇಶ ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂಬುದನ್ನು ಆ ತೀರ್ಪು ಮುಟ್ಟಲೇ ಇಲ್ಲ. ಜುಲೈ 10ರಂದು ನ್ಯೂ ಹ್ಯಾಂಪ್‌ಶೈರ್‌ನ ಜಿಲ್ಲಾ ನ್ಯಾಯಾಲಯ ಇಂಥ ಎಲ್ಲ ಮಕ್ಕಳನ್ನೂ ಒಂದು ಸಮೂಹವೆಂದು ಪರಿಗಣಿಸಿ ಮತ್ತೆ ತಡೆ ನೀಡಿತು. 2025ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಮೂಲ ಪ್ರಶ್ನೆಯನ್ನೇ ವಿಚಾರಿಸಲು ಒಪ್ಪಿಕೊಂಡಿತು.

ಮೂಲ ಪ್ರಶ್ನೆ ಹುಟ್ಟಿದ್ದು ಒಬ್ಬ ಗುಲಾಮನಿಂದ. ಡ್ರೆಡ್ ಸ್ಕಾಟ್ ವರ್ಜೀನಿಯಾದಲ್ಲಿ ಗುಲಾಮನಾಗಿ ಹುಟ್ಟಿದವನು. ಒಡೆಯನೊಂದಿಗೆ ಗುಲಾಮಗಿರಿ ಇಲ್ಲದ ಪ್ರಾಂತ್ಯಗಳಲ್ಲಿ ವಾಸವಾಗಿದ್ದೆ, ಆದ್ದರಿಂದ ನಾನು ಸ್ವತಂತ್ರ ಎಂದು 1846ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ದಾವೆ ಹೂಡಿದ. 1857ರಲ್ಲಿ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ, ಕರಿಯರು ಗುಲಾಮರಾಗಿರಲಿ ಸ್ವತಂತ್ರರಾಗಿರಲಿ ಅಮೆರಿಕದ ಪೌರರಾಗಲಾರರು, ಆದ್ದರಿಂದ ಈತನಿಗೆ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರುವ ಹಕ್ಕೇ ಇಲ್ಲ ಎಂದು ತೀರ್ಪಿತ್ತರು. ತಲೆಮಾರುಗಳಿಂದ ಅದೇ ಮಣ್ಣಿನಲ್ಲಿ ಹುಟ್ಟಿ, ಅದೇ ಮಣ್ಣಿನಲ್ಲಿ ದುಡಿದು ಸತ್ತವರಿಗೆ ಆ ದೇಶ ನಿಮ್ಮದಲ್ಲ ಎಂದ ತೀರ್ಪು ಅದು. ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ ಜಾರಿಗೆ ಬಂದ ಹದಿನಾಲ್ಕನೆಯ ತಿದ್ದುಪಡಿಯ ಮೊದಲ ವಾಕ್ಯ ಅದನ್ನು ಅಳಿಸಿಹಾಕಿತು: ಅಮೆರಿಕದಲ್ಲಿ ಹುಟ್ಟಿದ ಅಥವಾ ಪೌರತ್ವ ಪಡೆದ, ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ ಎಲ್ಲರೂ ಅಮೆರಿಕದ ಪೌರರು. ಪೌರರು ಯಾರೆಂಬುದನ್ನು ಅಂದಂದಿನ ಬಹುಮತವೋ ಅಧ್ಯಕ್ಷರೋ ನಿರ್ಧರಿಸಬಾರದೆಂದೇ ಅದನ್ನು ಸಾಮಾನ್ಯ ಕಾನೂನಿನಲ್ಲಿ ಬಿಡದೆ ಸಂವಿಧಾನಕ್ಕೆ ಸೇರಿಸಿದರು.

ಈ ತಿದ್ದುಪಡಿ ಗುಲಾಮರ ಮಕ್ಕಳಿಗಷ್ಟೇ ಮೀಸಲು, ವಲಸಿಗರ ವಿಷಯ ಅಂದು ಯಾರ ತಲೆಯಲ್ಲೂ ಇರಲಿಲ್ಲ ಎಂದು ಈಗ ವಾದಿಸುತ್ತಾರೆ. 1866ರ ಮೇ 30ರಂದು ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ನಡೆದ ಚರ್ಚೆಯನ್ನು ಓದಿದವರು ಹಾಗೆ ಹೇಳಲಾರರು. ಪೆನ್ಸಿಲ್ವೇನಿಯಾದ ಸೆನೆಟರ್ ಎಡ್ಗರ್ ಕೋವನ್ ಎದ್ದು ನಿಂತು, ಹಾಗಾದರೆ ಚೀನೀಯರ ಮಕ್ಕಳೂ ಜಿಪ್ಸಿಗಳ ಮಕ್ಕಳೂ ಪೌರರಾಗಬೇಕೆ ಎಂದು ಕೇಳಿದರು. ಸ್ವತಃ ಐರ್ಲೆಂಡಿನಿಂದ ವಲಸೆ ಬಂದಿದ್ದ ಕ್ಯಾಲಿಫೋರ್ನಿಯಾದ ಸೆನೆಟರ್ ಜಾನ್ ಕಾನೆಸ್, ಹೌದು, ಆಗಬೇಕು ಎಂದು ಉತ್ತರಿಸಿದರು. ಆ ಉತ್ತರ ಕೇಳಿದ ಮೇಲೂ ಸೆನೆಟ್ ಆ ಮಾತುಗಳನ್ನು ಹಾಗೆಯೇ ಉಳಿಸಿಕೊಂಡಿತು.

ಇನ್ನು ವಾಂಗ್ ಕಿಮ್ ಆರ್ಕ್. ಈ ಹೆಸರನ್ನು ಎಚ್–1ಬಿಯ ಪ್ರತಿ ತಂದೆತಾಯಿಯೂ ತಿಳಿದಿರಬೇಕು ಎಂಬುದು ನನ್ನ ಆಸೆ. 1873ರಲ್ಲಿ ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೊದ ಚೈನಾಟೌನ್‌ನಲ್ಲಿ ಹುಟ್ಟಿದವನು, ಅಡುಗೆ ಕೆಲಸ ಮಾಡಿಕೊಂಡಿದ್ದವನು. ಚೀನೀ ಕಾರ್ಮಿಕರು ಬರುವುದನ್ನು 1882ರ ಕಾನೂನು ನಿಷೇಧಿಸಿತ್ತು. ಅವರಿಗೆ ಅಮೆರಿಕದ ಪೌರತ್ವ ಕೊಡುವುದನ್ನೂ ಅದು ತಡೆದಿತ್ತು. 1895ರಲ್ಲಿ ಚೀನಾದಿಂದ ಮರಳಿದಾಗ ಬಂದರಿನ ಸುಂಕಾಧಿಕಾರಿ ಅವನು ಪೌರನಲ್ಲವೆಂದು ಇಳಿಯಲು ಬಿಡಲಿಲ್ಲ. ತಾನು ಹುಟ್ಟಿದ ಊರು ಕಣ್ಣೆದುರಿಗಿದ್ದರೂ ವಾಂಗ್ ತಿಂಗಳುಗಟ್ಟಲೆ ಒಂದು ಹಡಗಿನಿಂದ ಇನ್ನೊಂದು ಹಡಗಿಗೆ ಬದಲಾಗುತ್ತ ಬಂಧನದಲ್ಲಿದ್ದ. ಚೀನೀ ಸಮುದಾಯದ ಸಂಘಟನೆ ವಕೀಲರನ್ನಿಟ್ಟು ಹೋರಾಡಿತು. 1898ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ 6–2 ಬಹುಮತದಿಂದ ಅವನು ಹುಟ್ಟಿನಿಂದಲೇ ಪೌರನೆಂದು ಸಾರಿತು. ಹೊರಗಿಟ್ಟದ್ದು ರಾಜತಾಂತ್ರಿಕರ ಮಕ್ಕಳು, ನೆಲವನ್ನು ಆಕ್ರಮಿಸಿಕೊಂಡ ಶತ್ರುಸೇನೆಯವರ ಮಕ್ಕಳು, ಅಂದಿಗೆ ಬುಡಕಟ್ಟುಗಳ ಆಡಳಿತದಲ್ಲಿದ್ದ ಮೂಲನಿವಾಸಿಗಳ ಮಕ್ಕಳು ಇಂಥ ಕೆಲವರನ್ನು ಮಾತ್ರ.

ಅಂದು ಭಿನ್ನಮತದ ತೀರ್ಪಿಗೆ ಜೊತೆಯಾದವರಲ್ಲಿ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್ ಒಬ್ಬರು. ಎರಡೇ ವರ್ಷಗಳ ಹಿಂದೆ, ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲುಡಬ್ಬಿ ಇರಬಹುದೆಂದು ಇಡೀ ನ್ಯಾಯಪೀಠ ಒಪ್ಪಿದಾಗ ಏಕಾಂಗಿಯಾಗಿ ವಿರೋಧಿಸಿದ್ದವರು ಇವರೇ. ಅಂಥವರೂ ಚೀನೀಯರ ವಿಷಯ ಬಂದಾಗ ಎಡವಿದರು. ಇದನ್ನು ನೆನೆದಾಗಲೆಲ್ಲ ನನಗೆ ಬೇಸರವಾಗುತ್ತದೆ. ಹಾಗಾಗಿ ಇಂಥಿಂಥ ನ್ಯಾಯಮೂರ್ತಿಗಳು ಒಳ್ಳೆಯವರು, ನಮ್ಮ ಕೈಬಿಡುವುದಿಲ್ಲ ಎಂಬ ಲೆಕ್ಕಾಚಾರವನ್ನು ನಾನು ನಂಬುವುದಿಲ್ಲ.

ಸರ್ಕಾರದ ವಾದದಲ್ಲಿ ಒಂದು ಅಂಶಕ್ಕೆ ಮಾತ್ರ ಗಂಭೀರವಾಗಿ ಕಿವಿಗೊಡಬೇಕು. ವಾಂಗ್‌ನ ತಂದೆತಾಯಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವ್ಯಾಪಾರ ಮಾಡಿಕೊಂಡು ಕಾಯಂ ಆಗಿ ನೆಲೆಸಿದ್ದರೆಂದು ಆ ತೀರ್ಪೇ ಮತ್ತೆ ಮತ್ತೆ ಹೇಳುತ್ತದೆ. ಆದ್ದರಿಂದ ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಅದು ಅನ್ವಯಿಸದು ಎಂಬುದು ಅವರ ವಾದ. ನನ್ನ ಓದಿಗೆ ಇದು ಸರಿಕಾಣುವುದಿಲ್ಲ. ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದ ತೀರ್ಪು ನಿಂತಿರುವುದು ಇಂಗ್ಲೆಂಡಿನ ಹಳೆಯ ನ್ಯಾಯಪದ್ಧತಿಯ ಮೇಲೆ. ಅದರಂತೆ ದೇಶದ ಕಾನೂನಿನಡಿ ಬದುಕುವ ಪರದೇಶಿ, ಇದ್ದಷ್ಟು ಕಾಲ ಆ ದೇಶದ ಅಧಿಕಾರಕ್ಕೆ ಒಳಪಟ್ಟವನೇ. ನೀವು ಟೆಕ್ಸಾಸ್‌ನಲ್ಲಿ ಕೆಂಪು ದೀಪ ದಾಟಿದರೆ ದಂಡ ಕಟ್ಟುತ್ತೀರಿ, ವರ್ಷಕ್ಕೊಮ್ಮೆ ತೆರಿಗೆ ಸಲ್ಲಿಸುತ್ತೀರಿ. ಇದಕ್ಕಿಂತ ಹೆಚ್ಚಿನ ಅಧಿಕಾರವ್ಯಾಪ್ತಿ ಯಾವುದಿದೆ? ಅದೂ ಅಲ್ಲದೆ 1952ರ ವಲಸೆ ಕಾನೂನಿನಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ತಿದ್ದುಪಡಿಯ ಇವೇ ಮಾತುಗಳನ್ನು ಬರೆದಿಟ್ಟಿದೆ. ಸಂವಿಧಾನವನ್ನು ಪಕ್ಕಕ್ಕಿಟ್ಟರೂ ಆ ಕಾನೂನನ್ನು ಆದೇಶವೊಂದರಿಂದ ಬದಲಿಸಲಾಗದು.

ಈಗ ನಮ್ಮವರ ಕಥೆ. ಭಗತ್ ಸಿಂಗ್ ಥಿಂಡ್ ಪಂಜಾಬಿನಿಂದ 1913ರಲ್ಲಿ ಬಂದವರು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಆಗ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ವಲಸಿಗರಾಗಿ ಬಂದು ಪೌರತ್ವ ಪಡೆಯುವ ಅವಕಾಶವಿತ್ತು. 1922ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ತಳ್ಳಿಹಾಕುತ್ತ, ಬಿಳಿಯ ಎಂದರೆ ಕಕೇಷಿಯನ್ ಜನಾಂಗದವ ಎಂದಿತು. ಥಿಂಡ್ ಅವರ ಪರ ಹೂಡಿದ ವಾದ ಇದು: ಉತ್ತರ ಭಾರತದ ಮೇಲ್ಜಾತಿಯವರು ಆರ್ಯರು, ಕಕೇಷಿಯನ್ನರು, ಕೆಳಗಿನವರೊಡನೆ ಬೆರೆಯದವರು. ಮೂರು ತಿಂಗಳ ನಂತರ, 1923ರ ಫೆಬ್ರುವರಿ 19ರಂದು, ಒಜಾವಾ ತೀರ್ಪು ಬರೆದ ಅದೇ ಜಾರ್ಜ್ ಸದರ್ಲೆಂಡ್ ಮಾತು ತಿರುಗಿಸಿದರು. ಜನಾಂಗಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ಭಾರತೀಯರು ಬಿಳಿಯರಲ್ಲ ಎಂದರು. ಥಿಂಡ್ ಪೌರತ್ವ ಕಳೆದುಕೊಂಡರು. ಅವರೊಂದಿಗೆ ಆಗಲೇ ಪೌರತ್ವ ಪಡೆದಿದ್ದ ಇತರ ಭಾರತೀಯರೂ ಕಳೆದುಕೊಂಡರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಗಾಯ್ ಪೌರತ್ವದ ಜೊತೆಗೆ ಆಸ್ತಿಯನ್ನೂ ಕಳೆದುಕೊಂಡು, 1928ರಲ್ಲಿ ಪತ್ರಿಕೆಗೆ ಪತ್ರ ಬರೆದಿಟ್ಟು ಪ್ರಾಣ ಬಿಟ್ಟರು.

ವಾಂಗ್ ಮತ್ತು ಥಿಂಡ್ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿ. ನಾನು ಉಳಿದವರಂತಲ್ಲ, ಮೇಲಿನವನು ಎಂಬ ವಾದ ಸೋತಿತು. ಇಲ್ಲಿ ಹುಟ್ಟಿದ ಎಲ್ಲರಿಗೂ ಅನ್ವಯಿಸುವ ಮಾತು ನನಗೂ ಅನ್ವಯಿಸಲಿ ಎಂಬ ವಾದ ಗೆದ್ದಿತು. ಗಡಿ ದಾಟಿ ಬಂದವರು ಬೇರೆ, ವೀಸಾ ಪಡೆದು ವಿಮಾನದಲ್ಲಿ ಬಂದ ನಾವು ಬೇರೆ ಎಂದು ನಮ್ಮವರು ಹೇಳುವಾಗ ಥಿಂಡ್ ಪರ ಹೂಡಿದ ಆ ವಾದವೇ ನನಗೆ ಕೇಳಿಸುತ್ತದೆ. ದಯವಿಟ್ಟು ಅದರ ಆಸರೆ ಹಿಡಿಯಬೇಡಿ. ಆದೇಶ ಆ ಎರಡು ಗುಂಪುಗಳನ್ನೂ ಒಟ್ಟಿಗೇ ಹೊರಗಿಟ್ಟಿದೆ.

ಅದೇ ಕಾಲದ ಇನ್ನೊಂದು ಸಂಗತಿ. ಪೌರತ್ವಕ್ಕೆ ಅನರ್ಹರಾದ ವಿದೇಶಿಯರು ಕೃಷಿಭೂಮಿ ಹೊಂದಬಾರದೆಂದು ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತ್ತು. ಜಪಾನಿ ರೈತರು, ಆಮೇಲೆ ಇಂಪೀರಿಯಲ್ ಕಣಿವೆಯ ಪಂಜಾಬಿ ರೈತರು ಅಮೆರಿಕದಲ್ಲೇ ಹುಟ್ಟಿದ ತಮ್ಮ ಎಳೆಯ ಮಕ್ಕಳ ಹೆಸರಿಗೆ ಜಮೀನು ಬರೆಸಿ ತಾವು ಪೋಷಕರಾಗಿ ಉತ್ತರು. ಅದನ್ನೂ ತಡೆಯಲು ಹೊರಟಾಗ ಯಾನೊ ಎಂಬ ಜಪಾನಿ ಕುಟುಂಬದ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 1922ರಲ್ಲಿ ರೈತರ ಪರ ನಿಂತಿತು. ತಂದೆಗೆ ದೇಶವೇ ಬಾಗಿಲು ಮುಚ್ಚಿದ್ದಾಗ ತೊಟ್ಟಿಲಲ್ಲಿದ್ದ ಮಗುವಿನ ಪೌರತ್ವ ಇಡೀ ಮನೆಗೆ ಅನ್ನ ಹಾಕಿತು.

ಹಾಗೆಂದು ಪೌರತ್ವವಿದ್ದರೆ ಸಾಕೆಂದೂ ಹೇಳಲಾರೆ. ಜಪಾನಿನೊಡನೆ ಯುದ್ಧ ನಡೆಯುತ್ತಿದ್ದ 1942ರಲ್ಲಿ, ಅದೂ ಫೆಬ್ರುವರಿ 19ರಂದೇ, ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ ಆದೇಶದಿಂದ ಸುಮಾರು 1,20,000 ಜಪಾನಿ ಮೂಲದವರು ಮನೆಮಠ ಬಿಟ್ಟು ಶಿಬಿರ ಸೇರಿದರು. ಅವರಲ್ಲಿ ಮೂರನೇ ಎರಡರಷ್ಟು ಜನ ಅಲ್ಲೇ ಹುಟ್ಟಿದ ಪೌರರು. ಆ ದ್ವೇಷದ ಬಿಸಿಯಲ್ಲೇ, ಅವರ ಹೆಸರನ್ನು ಮತದಾರರ ಪಟ್ಟಿಯಿಂದ ತೆಗೆಯಬೇಕು, ವಾಂಗ್ ತೀರ್ಪನ್ನೇ ರದ್ದುಮಾಡಬೇಕು ಎಂದು ಕೆಲವರು ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯಗಳು ಒಪ್ಪಲಿಲ್ಲ. ಯುದ್ಧದ ನಡುವೆಯೂ ಹದಿನಾಲ್ಕನೆಯ ತಿದ್ದುಪಡಿಯ ಆ ವಾಕ್ಯ ಉಳಿಯಿತು ಎಂಬುದೇ ಇವತ್ತು ನನ್ನ ದೊಡ್ಡ ಭರವಸೆ.

ಭಾರತವೂ ಹುಟ್ಟಿನಿಂದ ಬರುವ ಪೌರತ್ವವನ್ನು ಕೈಬಿಟ್ಟಿದೆಯಲ್ಲ ಎಂದು ನಿಮ್ಮ ಗೆಳೆಯರು ಕೇಳಿದರೆ ಹೇಳಿ: ನಮ್ಮ ಸಂವಿಧಾನ ಆ ವಿಷಯವನ್ನು ಸಂಸತ್ತಿಗೆ ಬಿಟ್ಟಿದೆ, ಸಂಸತ್ತು 1986ರಲ್ಲೂ 2003ರಲ್ಲೂ ಕಾನೂನು ತಿದ್ದಿತು. ಅಮೆರಿಕದಲ್ಲಿ ಅದು ಸಂವಿಧಾನದಲ್ಲೇ ಇದೆ. ಬದಲಾಗಬೇಕೆಂದರೆ ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಮೂರನೇ ಎರಡರ ಬಹುಮತ, ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳ ಒಪ್ಪಿಗೆ ಬೇಕು.

ಇನ್ನು ನೀವು ಮಾಡಬೇಕಾದದ್ದು. ಮಗು ಹುಟ್ಟಿದ ಕೂಡಲೇ ಜನನ ಪ್ರಮಾಣಪತ್ರ ಪಡೆದು ಅಮೆರಿಕದ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ, ತಡಮಾಡಬೇಡಿ. ತೆರಿಗೆ ದಾಖಲೆ, ಮನೆಯ ಕರಾರು, ಗ್ರೀನ್ ಕಾರ್ಡ್ ಅರ್ಜಿಯ ಕಾಗದಗಳನ್ನು ಜೋಪಾನವಾಗಿಡಿ. ಕಾಯಂ ವಾಸದ ಪ್ರಶ್ನೆ ಎದ್ದರೆ ಅವೇ ಸಾಕ್ಷಿ. ಸುಪ್ರೀಂ ಕೋರ್ಟ್ ತೀರ್ಪು 2026ರ ಜೂನ್ ಅಂತ್ಯದ ಹೊತ್ತಿಗೆ ಬರುವ ಸಾಧ್ಯತೆ ಹೆಚ್ಚು. ಅದು ಬಂದಾಗ ಟಿವಿಯ ಮೊದಲ ಸಾಲಿಗೆ ನಿಲ್ಲದೆ, ತಾತ್ಕಾಲಿಕ ವೀಸಾದವರ ಬಗ್ಗೆ ಪ್ರತ್ಯೇಕವಾಗಿ ಏನು ಹೇಳಿದೆ ಎಂದು ಹುಡುಕಿ ಓದಿ. ಒಂದು ವೇಳೆ ಅದು ನಿಮ್ಮ ವಿರುದ್ಧವಾದರೆ, ಹೊರದೇಶದಲ್ಲಿ ಹುಟ್ಟಿದ ಮಗುವನ್ನು ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಘೋಷಿಸಬೇಕು. ಆದ್ದರಿಂದ ಹೆರಿಗೆಗೆ ಮೊದಲೇ ಒಬ್ಬ ವಲಸೆ ವಕೀಲರನ್ನು ಭೇಟಿಯಾಗಿ ಈ ಎರಡು ದಾರಿಗಳ ಬಗ್ಗೆಯೂ ವಿಚಾರಿಸಿಕೊಳ್ಳಿ.